ಹಸಿರು ಬಟನ್ನಿಗೆ ಬೇಕಾದ ಬಲ

ಆ ದಿನ ಮಾಡಿದ ಕೆಲಸ ಇಷ್ಟು. ಐದಕ್ಕೆ ಎದ್ದು ಬಾಗಿಲಿಗೆ ನೀರು ಹಾಕಿ ರಂಗೋಲಿ ಎಳೆದೆ. ನಲ್ಲಿಯಲ್ಲಿ ಏಳು ಕೊಡ ನೀರು ಹಿಡಿದೆ. ಅತ್ತೆಗೆ ಕಾಫಿ, ಅವರ ಸಕ್ಕರೆ ಮಾತ್ರೆ ಕೊಟ್ಟೆ. ಹುರುಳಿಕಾಳಿನ ಬಸ್ಸಾರು ಮಾಡಿ ನಾಲ್ಕು ಮುದ್ದೆ ಕಟ್ಟಿದೆ. ಯಜಮಾನರ ಎರಡು ಅಂಗಿ ಕೊಡವಿ ನೆನೆಹಾಕಿದೆ. ಅವರದು ಯಳಂದೂರಿನಲ್ಲಿ ಹಿಟ್ಟಿನ ಗಿರಣಿ, ಹಾಕಿದ ಬಟ್ಟೆಯೆಲ್ಲ ಸಂಜೆಗೆ ರಾಗಿ ಬಣ್ಣ. ಡಬ್ಬಿಗೆ ಅನ್ನ, ಸಾರು ತುಂಬಿಕೊಂಡೆ. ಏಳೂಕಾಲರ ಕೊಳ್ಳೇಗಾಲದ ಬಸ್ಸು ಹತ್ತಿದೆ. ಎಂಟಕ್ಕೆ ಫ್ಯಾಕ್ಟರಿಯ ಪಂಚಿಂಗ್ ಯಂತ್ರಕ್ಕೆ ಬೆರಳಿಟ್ಟೆ. ಹಾಲ್‌ನ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಹೋದೆ. ಹತ್ತೂವರೆ ತನಕ ಕಡಿದ ರೇಷ್ಮೆ ಎಳೆಗಳಿಗೆ ಗಂಟು ಹಾಕಿದೆ.

ಹತ್ತೂವರೆಗೆ ಒಂದು ಗಂಟು ಬೀಳಲಿಲ್ಲ.

ನಮ್ಮದು ರೇಷ್ಮೆ ನೂಲನ್ನು ಹುರಿ ಮಾಡುವ ಫ್ಯಾಕ್ಟರಿ. ಎಳೆ ಕಡಿದರೆ ಅದನ್ನು ಸುತ್ತಿದ ಬಾಬಿನ್ ಮೇಲೆ ಒಂದು ಕೆಂಪು ದೀಪ ಹತ್ತುತ್ತದೆ. ಹೋಗಿ ಎರಡು ತುದಿ ಹುಡುಕಿ ಗಂಟು ಹಾಕಬೇಕು. ಗಂಟು ಹಾಕುವಾಗ ನಾವು ಯಾರೂ ಕೈ ನೋಡುವುದಿಲ್ಲ, ನೋಡಿದರೂ ಕಾಣದಷ್ಟು ಸಣ್ಣ ಎಳೆ ಅದು. ಹೆಬ್ಬೆರಳು ತೋರುಬೆರಳಿನ ತುದಿಗೇ ಕಣ್ಣಿರಬೇಕು. ಹದಿನಾರು ವರ್ಷ ಆ ಎರಡು ಬೆರಳು ನನ್ನನ್ನು ಕೇಳದೆ ಕೆಲಸ ಮಾಡಿದ್ದವು. ಅವತ್ತು ಎಳೆ ಹಿಡಿದಿದ್ದೇನೋ ಬಿಟ್ಟಿದ್ದೇನೋ ಗೊತ್ತಾಗಲಿಲ್ಲ. ಎರಡು ದಿನದಿಂದ ಅಂಗಾಲಿನಲ್ಲಿ ಇರುವೆ ಹರಿದ ಹಾಗೆ ಆಗುತ್ತಿತ್ತು. ಅದರ ಹಿಂದಿನ ವಾರ ಹೊಟ್ಟೆ ಕೆಟ್ಟು ಮೂರು ದಿನ ಮಲಗಿದ್ದೆ. ಸುಸ್ತು ಅಂದುಕೊಂಡಿದ್ದೆ.

ತುಂಬಿದ ಟ್ರಾಲಿಯನ್ನಾದರೂ ಕಳಿಸೋಣ ಎಂದು ಕಂಬದ ಹತ್ತಿರ ಹೋದೆ.

ಇಲ್ಲಿ ಬಸವಂದಿರ ವಿಷಯ ಹೇಳಬೇಕು. ಒಂದು ವರ್ಷದ ಹಿಂದೆ ನಮ್ಮ ಫ್ಯಾಕ್ಟರಿಗೆ ಮೂರು ರೋಬೋಟ್ ಬಂದವು. ಊಟದ ಮಣೆಗೆ ಚಕ್ರ ಇಟ್ಟ ಹಾಗಿವೆ, ಮೊಣಕಾಲೆತ್ತರ ಇಲ್ಲ. ಟ್ರಾಲಿಯ ಅಡಿಗೆ ನುಗ್ಗಿ, ಅದನ್ನು ಬೆನ್ನ ಮೇಲೆ ಎತ್ತಿಕೊಂಡು, ಯಾರ ಸಹಾಯವೂ ಇಲ್ಲದೆ ಮುಂದಿನ ಹಾಲ್‌ಗೆ ಹೋಗುತ್ತವೆ. ಕಂಬದಲ್ಲಿ ಒಂದು ಡಬ್ಬಿ ಇದೆ, ಅದರಲ್ಲಿ ಮೂರು ಬಟನ್. ಹಸಿರು ಒತ್ತಿದರೆ ಬರುತ್ತದೆ. ಹಳದಿ ಒತ್ತಿದರೆ ಟ್ರಾಲಿ ಎತ್ತಿಕೊಂಡು ಹೋಗುತ್ತದೆ. ಕೆಂಪು ದೊಡ್ಡದು, ಗುದ್ದಿದರೆ ಇದ್ದಲ್ಲೇ ನಿಲ್ಲುತ್ತದೆ. ಎರಡು ಹಾಲ್‌ಗಳ ನಡುವೆಯೂ ಗೋಡೌನ್ ಕಡೆಗೂ ಸುತ್ತಿಕೊಂಡು ಮೇಲೇಳುವ ಬಾಗಿಲಿದೆ. ರೋಬೋಟ್ ಹತ್ತಿರ ಬಂದರೆ ತಾನೇ ಏಳುತ್ತದೆ, ಅದು ದಾಟಿದ ಮೇಲೆ ತಾನೇ ಇಳಿಯುತ್ತದೆ. ಹಾಲ್‌ನಲ್ಲಿ ತೇವದ ಗಾಳಿ ನಿಲ್ಲಬೇಕು, ಇಲ್ಲದಿದ್ದರೆ ರೇಷ್ಮೆ ಕಡಿಯುತ್ತದೆ. ಬಾಗಿಲು ಅದಕ್ಕೇ.

ಮೊದಲ ವಾರ ನಾವೆಲ್ಲ ಹಸಿರು ಬಟನ್ನನ್ನು ಬಸ್ಸಿನ ಬೆಲ್ಲಿನ ಹಾಗೆ ಟಣ್ ಟಣ್ ಅಂತ ಒತ್ತಿದ್ದೆವು. ಮೂರೂ ಒಂದರ ಹಿಂದೆ ಒಂದು ಬಂದು ನಿಂತವು. ಹನೂರಿನಿಂದ ಬರುವ ಚಿಕ್ಕತಾಯಿ ನನ್ನ ಪಕ್ಕದ ಮಿಷನ್ನಿನವಳು. ಅವಳು, "ದಿಬ್ಬಣ ಬಂದದೆ ಕಣಕ್ಕ, ಕಾಲಿಗೆ ನೀರ್ ಕೊಡು" ಎಂದು ಇಡೀ ಹಾಲನ್ನು ನಗಿಸಿದ್ದಳು. ಬಸವ ಅಂತ ಹೆಸರಿಟ್ಟವಳೂ ಅವಳೇ. ದೊಡ್ಡ ಬಸವ, ನಡೂಲ ಬಸವ, ಚಕ್ರ ಕಿರುಗುಟ್ಟುವ ಕುಂಟ ಬಸವ. ಆಮೇಲೆ ಕಲಿತೆವು. ಒಂದೇ ಸಲ ಒತ್ತಬೇಕು. ಮನಸ್ಸಿನಲ್ಲಿ ಮೂರು ಎಣಿಸುವ ತನಕ ಒತ್ತಿ ಹಿಡಿಯಬೇಕು. ದೀಪ ಹತ್ತಿದ ಮೇಲೆ ಬಿಡಬೇಕು.

ಅವತ್ತು ಒತ್ತಿದೆ. ದೀಪ ಹತ್ತಲಿಲ್ಲ. ಮತ್ತೆ ಒತ್ತಿದೆ. ಹೆಬ್ಬೆರಳು ಬಟನ್ ಮೇಲೆ ಕೂತಿದೆ, ಆದರೆ ಒಳಗೆ ಹೋಗುತ್ತಿಲ್ಲ.

"ಏನಕ್ಕ, ಬಸವನ್ ಮ್ಯಾಲೆ ಮುನಿಸ್ಕಂಡಿದ್ದೀಯಾ? ಸರ್ಯಾಗ್ ಒತ್ತು" ಅಂದಳು ಚಿಕ್ಕತಾಯಿ.

"ಒತ್ತೇ ಇವ್ನಿ ಕಣೆ."

ಅವಳು ಬಂದು ನನ್ನ ಹೆಬ್ಬೆರಳಿನ ಮೇಲೆ ತನ್ನ ಹೆಬ್ಬೆರಳಿಟ್ಟು ಒತ್ತಿದಳು. ದೀಪ ಹತ್ತಿತು. ಅವಳು ನಗಲಿಲ್ಲ. ನನ್ನ ಕೈ ತಣ್ಣಗಿತ್ತಂತೆ.

ಸಂಜೆ ಬಸ್ಸಿಳಿದು ಮನೆಗೆ ಬಂದಾಗ ಎಡಗಾಲಿನಲ್ಲಿ ಚಪ್ಪಲಿ ಇರಲಿಲ್ಲ. ಎಲ್ಲಿ ಜಾರಿ ಬಿತ್ತೋ ಕಾಲಿಗೆ ತಿಳಿದಿರಲಿಲ್ಲ. ಮರುದಿನ ಒಂದು ಕ್ಲಿನಿಕ್ಕಿಗೆ ಹೋದೆವು. ರಕ್ತ ಕಡಿಮೆ ಅಂದರು, ಇಂಜೆಕ್ಷನ್ ಹಾಕಿದರು. ಅದರ ಮರುದಿನ ಬಚ್ಚಲಲ್ಲಿ ಕೂತವಳು ಏಳಲಾಗಲಿಲ್ಲ. ಅತ್ತೆ ಎತ್ತಲು ಬಂದು ಇಬ್ಬರೂ ನೀರಿನಲ್ಲಿ ಕೂತೆವು. ಯಜಮಾನರು ಗಿರಣಿಗೆ ಬೀಗ ಹಾಕಿ ಓಡಿ ಬಂದರು. ಕೊಳ್ಳೇಗಾಲದ ಡಾಕ್ಟರು ನನ್ನ ಮೊಣಕಾಲಿಗೆ ರಬ್ಬರ್ ಸುತ್ತಿಗೆಯಿಂದ ತಟ್ಟಿದರು. ಕಾಲು ಅಲ್ಲಾಡಲಿಲ್ಲ. ಇನ್ನೊಂದಕ್ಕೆ ತಟ್ಟಿದರು. ಸುತ್ತಿಗೆಯನ್ನು ಮೇಜಿನ ಮೇಲಿಟ್ಟರು.

"ಮನೆಗೆ ಹೋಗಿ ಬಟ್ಟೆ ತರೋಕೂ ನಿಲ್ಲಬೇಡಿ. ಮೈಸೂರಿಗೆ ಹೊರಡಿ."

ಮೈಸೂರಿನಲ್ಲಿ ನರಗಳಿಗೆ ಸಣ್ಣ ಕರೆಂಟು ಕೊಟ್ಟು ನರ್ವ್ ಕಂಡಕ್ಷನ್ ಟೆಸ್ಟ್ ಮಾಡಿದರು. ಬೆನ್ನಿನಿಂದ ನೀರು ತೆಗೆದರು. ಗಿಲಿಯನ್ ಬ್ಯಾರೆ ಸಿಂಡ್ರೋಮ್, ಜಿಬಿಎಸ್ ಅಂದರು. ಹೊಟ್ಟೆಯ ಕಾಯಿಲೆಯನ್ನು ಓಡಿಸಲು ಎದ್ದ ಮೈಯ ಕಾವಲು, ದಾರಿ ತಪ್ಪಿ ನನ್ನ ನರಗಳ ಮೇಲೇ ಬಿದ್ದಿದೆಯಂತೆ. ನರದ ಮೇಲಿನ ಹೊದಿಕೆ ಹಾಳಾಗುತ್ತಿದೆಯಂತೆ. ನನಗೆ ಅರ್ಥವಾಗಲಿಲ್ಲ. ಯಜಮಾನರಿಗೆ ಆಯಿತು.

"ವೈರಿನ್ ರಬ್ಬರ್ನ ಇಲಿ ತಿಂದಂಗೆ ಅಲ್ವಾ ಸಾ? ಒಳಗಿನ್ ತಾಮ್ರ ಚೆನ್ನಾಗದೆ, ಕರೆಂಟ್ ಓಯ್ತಾ ಇಲ್ಲ."

"ಹಾಗೇ ಇಟ್ಕೊಳ್ಳಿ" ಅಂದರು ಡಾಕ್ಟರು. "ರಬ್ಬರ್ ಮತ್ತೆ ಬೆಳೆಯುತ್ತೆ. ಆದರೆ ನಿಧಾನ. ಎಷ್ಟು ಬೆಳೆಯುತ್ತೆ ಅಂತ ನಾನು ಮಾತು ಕೊಡೋಕಾಗಲ್ಲ."

ಐದು ದಿನ ಡ್ರಿಪ್ಪಿನಲ್ಲಿ ಐವಿಐಜಿ ಎನ್ನುವ ಔಷಧಿ ಹಾಕಿದರು. ಐಸಿಯುನಲ್ಲಿ ದಿನಕ್ಕೆ ಮೂರು ಸಲ ಬಂದು ಒಂದೇ ಉಸಿರಿನಲ್ಲಿ ಒಂದು, ಎರಡು, ಮೂರು ಎಣಿಸಿ ಎನ್ನುತ್ತಿದ್ದರು. ಎಷ್ಟು ಎಣಿಸುತ್ತೇನೋ ಅಷ್ಟು ಉಸಿರಿಗೆ ಬಲ ಇದೆ ಅಂತ ಲೆಕ್ಕ. ಮೊದಲ ದಿನ ಇಪ್ಪತ್ತಾರು ಎಣಿಸಿದೆ. ಎರಡನೆಯ ದಿನ ಹದಿನೆಂಟು.

ಮೂರನೆಯ ದಿನ ಹನ್ನೊಂದಕ್ಕೆ ನಿಂತೆ.

ಹಾಸಿಗೆಯ ಪಕ್ಕದಲ್ಲಿ ಸಿಸ್ಟರನ್ನು ಕರೆಯುವ ಬಟನ್ ಇತ್ತು. ಒಂದು ವೈರಿನ ತುದಿಯಲ್ಲಿ ಸಣ್ಣ ಕಾಯಿಯ ಹಾಗೆ. ಅದನ್ನು ನನ್ನ ಅಂಗೈಯಲ್ಲಿಟ್ಟು ಬೆರಳು ಮಡಚಿ, "ಏನಾದ್ರೂ ಬೇಕಾದ್ರೆ ಒತ್ತಿ ಅಮ್ಮ" ಎಂದು ಸಿಸ್ಟರ್ ಹೋದರು. ಕಫ ಗಂಟಲಿಗೆ ಬಂದಿತ್ತು. ನುಂಗಲಾಗಲಿಲ್ಲ, ಕೆಮ್ಮಲಾಗಲಿಲ್ಲ. ದಿನಕ್ಕೆ ನಲವತ್ತು ಸಲ ಬಟನ್ ಒತ್ತಿ ಬಸವನನ್ನು ಕರೆದವಳು ನಾನು. ಹೆಬ್ಬೆರಳಿಗೆ ಹೇಳಿದೆ. ಬೈದೆ. ಬೆಟ್ಟದ ಮಾದಪ್ಪನಿಗೆ ಹರಕೆ ಹೊತ್ತೆ. ಹೆಬ್ಬೆರಳು ನೆಂಟರ ಮನೆಗೆ ಬಂದ ಹಾಗೆ ಸುಮ್ಮನೆ ಕೂತಿತ್ತು. ಪಕ್ಕದ ಹಾಸಿಗೆಯವರನ್ನು ನೋಡಲು ಬಂದ ಒಬ್ಬ ಹೆಂಗಸು ನನ್ನ ಕಣ್ಣು ನೋಡಿ ಕೂಗಿಕೊಂಡರು. ಸಿಸ್ಟರ್ ಓಡಿ ಬಂದು ಕಫ ಎಳೆದರು. ಆಮೇಲೆ ಆ ಬಟನ್ನನ್ನು ಕೆನ್ನೆ ಮತ್ತು ದಿಂಬಿನ ನಡುವೆ ಅಂಟಿಸಿದರು, ತಲೆ ವಾಲಿಸಿದರೆ ಸಾಕು. ಆದರೆ ನಾನು ಅವತ್ತೇ ತೀರ್ಮಾನ ಮಾಡಿದೆ. ಈ ಹೆಬ್ಬೆರಳಿನಿಂದಲೇ ಮತ್ತೆ ಒಂದು ಬಟನ್ ಒತ್ತಿ ತೋರಿಸುತ್ತೇನೆ.

ನಾಲ್ಕನೆಯ ದಿನವೂ ಹನ್ನೊಂದು. ಐದನೆಯ ದಿನ ಹದಿಮೂರು. ವೆಂಟಿಲೇಟರ್ ಬೇಕಾಗಲಿಲ್ಲ.

ಐದು ವಾರ ಕಳೆದು ಮನೆಗೆ ಬಂದೆ. ಇಬ್ಬರು ಹಿಡಿದು ಇಳಿಸಿದರು. ಮನೆ ನಾನಿಲ್ಲದೆ ಬೇರೆ ಥರ ಆಗಿತ್ತು. ಉಪ್ಪಿನ ಡಬ್ಬ ಕೆಳಗಿನ ಹಲಗೆಯಲ್ಲಿ, ಸಾಸಿವೆ ಸಕ್ಕರೆ ಡಬ್ಬದಲ್ಲಿ. ಎಪ್ಪತ್ತೆರಡು ವರ್ಷದ ಅತ್ತೆ ಸೌದೆ ಒಲೆಯ ಕಾಲದ ಕೈಯಲ್ಲಿ ಗ್ಯಾಸಿನ ಮುಂದೆ ನಿಂತು ಸಾರು ಮಾಡುತ್ತಿದ್ದರು. ಯಜಮಾನರು ಮುದ್ದೆ ತಿರುವಲು ಕಲಿತಿದ್ದರು. ಗಂಟು ಗಂಟು. ಆದರೂ ಉಂಡೆ. ಅವರೇ ಉಣ್ಣಿಸಿದರು. ಅನ್ನ ಕೊಡುವ ಕೈ ನನ್ನದಾಗಿತ್ತು ಇಷ್ಟು ವರ್ಷ. ಬಾಯಿ ತೆರೆದು ಕಾಯುವುದು ಕಾಲೆತ್ತಲಾರದ್ದಕ್ಕಿಂತ ಕಷ್ಟವಾಗಿತ್ತು. ತಲೆ ಬಾಚುವುದು, ಸೀರೆ ಉಡಿಸುವುದು, ಬಚ್ಚಲಿಗೆ ಕರೆದೊಯ್ಯುವುದು, ಎಲ್ಲ ಅತ್ತೆ. ಮದುವೆಯಾಗಿ ಬಂದ ಹೊಸದರಲ್ಲಿ ನನ್ನ ಜಡೆ ಉದ್ದ ಅಂತ ಮೂದಲಿಸಿದವರು ಈಗ ಅದೇ ಜಡೆ ಹೆಣೆಯುತ್ತ, "ಕೂದ್ಲು ಉದುರ್ತಾವೆ ಕಣವ್ವ, ಎಣ್ಣೆ ಕಾಣಿಸಿಲ್ವ ಆಸ್ಪತ್ರೆವ್ರು" ಎಂದು ಗೊಣಗುತ್ತಿದ್ದರು.

ವಾರಕ್ಕೆ ಮೂರು ದಿನ ಆಟೋದಲ್ಲಿ ಕೊಳ್ಳೇಗಾಲಕ್ಕೆ ಫಿಸಿಯೋಥೆರಪಿಗೆ ಹೋದೆ. ಅಲ್ಲಿ ಎಡ ಪಾದಕ್ಕೆ ಫುಟ್ ಡ್ರಾಪ್ ಅಂದರು. ಪಾದದ ಮುಂಭಾಗ ಎತ್ತಲು ಬರುವುದಿಲ್ಲ, ನಡೆದರೆ ಬೆರಳು ನೆಲಕ್ಕೆ ತಗುಲಿ ಮುಗ್ಗರಿಸುತ್ತೇನೆ. ಅದಕ್ಕೆ ಒಂದು ಪ್ಲಾಸ್ಟಿಕ್ ಸ್ಪ್ಲಿಂಟ್ ಕೊಟ್ಟರು. ಮೀನಖಂಡದಿಂದ ಅಂಗಾಲಿನ ತನಕ ಬರುತ್ತದೆ, ಶೂ ಒಳಗೆ ಕೂರಬೇಕು. ಶೂ ಇಲ್ಲದೆ ಅದು ನಿಲ್ಲುವುದಿಲ್ಲ, ಅದಿಲ್ಲದೆ ನಾನು ನಿಲ್ಲುವುದಿಲ್ಲ. ನಲವತ್ತೇಳನೆಯ ವಯಸ್ಸಿನಲ್ಲಿ ಮೊದಲ ಸಲ ಶೂ ಹಾಕಿದೆ.

ನಮ್ಮ ಸೂಪರ್‌ವೈಸರ್ ಪ್ರಕಾಶ್ ಒಂದು ಭಾನುವಾರ ಮನೆಗೆ ಬಂದರು. ಕಿತ್ತಳೆ ಹಣ್ಣು ತಂದಿದ್ದರು. ಕುರ್ಚಿಯ ತುದಿಯಲ್ಲಿ ಕೂತರು. ಹೇಳಲು ಬಂದ ಮಾತು ಕಷ್ಟದ್ದು ಅಂತ ಗೊತ್ತಾಯಿತು.

"ಮಾದೇವಕ್ಕ, ನಿಮ್ಮ ಜಾಗ ಈ ತಿಂಗಳ ಕೊನೆ ತನಕ ಇಟ್ಟಿದೀವಿ. ಆಮೇಲೆ ಹೊಸಬರನ್ನ ತಗೋತಾರೆ. ಡಾಕ್ಟರ್ ಚೀಟಿ ಬೇಕು. ಚೀಟಿ ಸಾಲದು, ನಾನೂ ಒಂದು ಟ್ರಯಲ್ ನೋಡಬೇಕು. ರೋಬೋಟ್ ಓಡಾಡೋ ಜಾಗ, ಸೇಫ್ಟಿ. ಮೂರೇ ವಿಷಯ. ಹಸಿರು ಬಟನ್ ಒತ್ತಿ ಹಿಡಿಯೋದು. ಕೆಂಪು ಬಟನ್ ತಕ್ಷಣ ಗುದ್ದೋದು. ಬಾಗಿಲು ಇಳಿಯೋಕೆ ಮುಂಚೆ ದಾಟೋದು."

"ಗಂಟು ಹಾಕೋದು?"

"ಗಂಟು ಬೇಡ ಅಕ್ಕ. ಟ್ರಾಲಿ ಕಳಿಸೋ ಜಾಗದಲ್ಲಿ ಕೂರಿಸ್ತೀನಿ."

ಅವರು ಹೋದ ಮೇಲೆ ಯಜಮಾನರು ಗಿರಣಿಗೆ ಹೋಗಿ ಹಳೆಯ ಮೋಟಾರಿನ ಸ್ಟಾರ್ಟರ್ ಡಬ್ಬಿ ಬಿಚ್ಚಿ ತಂದರು. ಅದರಲ್ಲೂ ಹಸಿರು ಒಂದು, ಕೆಂಪು ಒಂದು. ಒಂದು ಹಲಗೆಗೆ ಮೊಳೆ ಹೊಡೆದು ಗೋಡೆಗೆ ನಿಲ್ಲಿಸಿದರು. ಅದರ ಸ್ಪ್ರಿಂಗು ಫ್ಯಾಕ್ಟರಿಯದಕ್ಕಿಂತ ಗಟ್ಟಿ.

"ಇದ್ನ ಒತ್ತಿದ್ರೆ ಅದು ಉದ್ದಿನ್ ವಡೆ ಇದ್ದಂಗೆ ಮೆತ್ಗೆ. ಒತ್ತು."

ಏಳು ದಿನ ಒತ್ತಿದೆ. ಸದ್ದಿಲ್ಲ. ಎಂಟನೆಯ ದಿನ ಕಾಫಿ ಕುಡಿದು ಅಂಗೈಯ ಬುಡ ಇಟ್ಟು ಮೈ ಭಾರ ಹಾಕಿದೆ.

ಟಕ್.

ಅತ್ತೆ ಒಳಗಿನಿಂದ, "ಏನದು? ಹಲ್ಲಿ ಲೊಚಗುಟ್ತಾ?" ಅಂದರು. ಆಮೇಲೆ ದಿನವಿಡೀ ಮನೆಯಲ್ಲಿ ಹಲ್ಲಿ ಲೊಚಗುಟ್ಟಿತು. ಅಂಗೈ ಬುಡದಿಂದ ಬೆರಳ ಗೆಣ್ಣಿಗೆ, ಗೆಣ್ಣಿನಿಂದ ಹೆಬ್ಬೆರಳಿಗೆ ಬಂದೆ. ಒತ್ತಿದರೆ ನಡುಗುತ್ತಿತ್ತು. ನಡುಗಿದರೆ ಮೂರು ಸಲ ಒತ್ತಿದಂತೆ, ಮೂರೂ ಬಸವ ಬಂದು ನಿಲ್ಲುತ್ತವೆ. ನಡುಗದೆ ಮೂರು ಎಣಿಸಬೇಕು. ಬೆಳಿಗ್ಗೆ ಐವತ್ತು, ಮಧ್ಯಾಹ್ನ ಐವತ್ತು, ದೀಪ ಹಚ್ಚುವ ಹೊತ್ತಿಗೆ ಐವತ್ತು. "ಸಾಕು ಬುಡವ್ವ, ಬೆಳ್ಳು ಕಿತ್ತೋದದು" ಅನ್ನುವರು ಅತ್ತೆ. ಒಂದು ದಿನ ಬಿಟ್ಟರೆ ಅವರೇ, "ಇವತ್ತ್ಯಾಕೆ ಹಲ್ಲಿ ಸತ್ತೋಯ್ತಾ?" ಅನ್ನುವರು.

ತಿಂಗಳು ಮುಗಿಯಲು ಹನ್ನೆರಡು ದಿನ ಇರುವಾಗ ಡಾಕ್ಟರ್ ಚೀಟಿ ಹಿಡಿದು ಟ್ರಯಲ್‌ಗೆ ಹೋದೆ.

ಹಸಿರು ಬಟನ್. ಅದು ಹಾಲ್‌ನ ಹೊರಗೆ, ಮೆಟ್ಟು ಹಾಕಿ ಓಡಾಡುವ ಗೋಡೌನ್ ಕಡೆಯ ಕಂಬದ್ದು. ಹೆಬ್ಬೆರಳು ಇಟ್ಟೆ, ಮೂರು ಎಣಿಸಿದೆ, ದೀಪ ಹತ್ತಿತು. ಬಂದದ್ದು ಕುಂಟ ಬಸವ, ಒಂದೇ. "ಜೊತೆಗಾತಿ ಬಂದ್ಲು ಅಂತ ಅದೇ ಬಂದದೆ ನೋಡು" ಎಂದಳು ನನ್ನನ್ನು ನೋಡಲು ಮಿಷನ್ ಬಿಟ್ಟು ಬಂದಿದ್ದ ಚಿಕ್ಕತಾಯಿ. ಎಲ್ಲರೂ ನಕ್ಕರು, ನಾನೂ ನಕ್ಕೆ. ಕೆಂಪು ಬಟನ್ ಗುದ್ದಿದೆ. ನಿಂತಿತು. ಉಳಿದದ್ದು ಬಾಗಿಲು.

ಮನುಷ್ಯರಿಗೆ ಪಕ್ಕದಲ್ಲಿ ಬೇರೆ ಬಾಗಿಲಿದೆ, ಆದರೆ ಅದರ ಸ್ಪ್ರಿಂಗು ನೂಕುವ ಶಕ್ತಿ ನನಗಿನ್ನೂ ಇರಲಿಲ್ಲ. ಅದಕ್ಕೆ ಪ್ರಕಾಶ್ ಅವರು ಬಸವನ ಬಾಗಿಲಿನಿಂದಲೇ ಹೋಗಲು ಒಪ್ಪಿದ್ದರು. ಗೋಡೆಯಲ್ಲಿ ಅಂಗೈಯಗಲದ ಸ್ವಿಚ್ ಇದೆ, ತಟ್ಟಿದರೆ ಬಾಗಿಲು ಏಳುತ್ತದೆ. ಆ ಕಡೆ ನಮ್ಮ ಹಾಲ್, ನನಗೆ ಜಾಗ ಇರುವುದು ಅಲ್ಲಿ.

ನಾನು ಬಾಗಿಲ ಮುಂದೆ ಬಂದೆ. ಪಕ್ಕದ ಸ್ಟ್ಯಾಂಡಿನಲ್ಲಿ ಎಲ್ಲರ ಚಪ್ಪಲಿ ಸಾಲಾಗಿದ್ದವು. ರೇಷ್ಮೆ ಇರುವ ಕಡೆ ಮೆಟ್ಟು ಹಾಕಿಕೊಂಡು ಹೋಗುವವರು ನಮ್ಮಲ್ಲಿ ಯಾರೂ ಇಲ್ಲ. ಅದು ಫ್ಯಾಕ್ಟರಿಯ ನಿಯಮ ಅಲ್ಲ, ಯಾರೂ ಬರೆದು ಹಾಕಿಲ್ಲ. ರೇಷ್ಮೆ ಎಂದರೆ ಲಕ್ಷ್ಮಿ, ಅಷ್ಟೇ. ನಾನು ಬೆಂಚಿನ ಮೇಲೆ ಕೂತೆ. ಮರಗಟ್ಟಿದ ಬೆರಳಲ್ಲಿ ಶೂ ಪಟ್ಟಿ ಕಿತ್ತೆ. ಶೂ ಬಿಚ್ಚಿದೆ. ಶೂ ಜೊತೆ ಸ್ಪ್ಲಿಂಟೂ ಬಂತು. ಎರಡನ್ನೂ ಸ್ಟ್ಯಾಂಡಿನಲ್ಲಿ ಒಪ್ಪವಾಗಿ ಇಟ್ಟೆ. ಪ್ರಕಾಶ್ ನೋಡುತ್ತ ನಿಂತಿದ್ದರು. ಚಿಕ್ಕತಾಯಿ ನೋಡುತ್ತಿದ್ದಳು. ಬೇಡ ಎಂದು ಯಾರೂ ಅನ್ನಲಿಲ್ಲ. ಯಾರಿಗೂ ಅದು ತಪ್ಪು ಅನ್ನಿಸಲೇ ಇಲ್ಲ. ಹೆಬ್ಬೆರಳು ಬಟನ್ ಒತ್ತುವುದನ್ನು ಮರೆತಿತ್ತು, ಕಾಲು ಬಾಗಿಲಲ್ಲಿ ಮೆಟ್ಟು ಬಿಡುವುದನ್ನು ಮರೆತಿರಲಿಲ್ಲ.

ಸ್ವಿಚ್ ತಟ್ಟಿದೆ. ಬಾಗಿಲು ಎದ್ದಿತು. ಗೋಡೆ ಹಿಡಿದು ಮೂರು ಹೆಜ್ಜೆ ಹೋದೆ. ಬಾಗಿಲಡಿಯ ಕಬ್ಬಿಣದ ಪಟ್ಟಿಗೆ ಎಡಗಾಲ ಬೆರಳು ಸಿಕ್ಕಿಕೊಂಡಿತು.

ಕಾಲು ಏಳಲಿಲ್ಲ.

ಚೌಕಟ್ಟು ಹಿಡಿದುಕೊಂಡೆ, ಬೀಳಲಿಲ್ಲ. ಆದರೆ ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ನಾನು ಅಡ್ಡ ಇದ್ದೇನೆ ಅಂತ ಬಾಗಿಲು ಇಳಿಯಲಿಲ್ಲ. ಹಿಂದಿನಿಂದ ದೊಡ್ಡ ಬಸವ ಟ್ರಾಲಿ ಹೊತ್ತು ಬಂದು ನಿಂತು ಪೀಂ ಪೀಂ ಎಂದಿತು. ಆ ಕಡೆಯಿಂದ ನಡೂಲ ಬಸವ ಬಂದು ನಿಂತಿತು. ಎರಡರ ನಡುವೆ ನಾನು. ಹಾಲ್‌ನ ತೇವದ ಗಾಳಿ ನನ್ನ ಮುಖಕ್ಕೆ ಬಡಿಯುತ್ತ ಹೊರಗೆ ಹರಿಯುತ್ತಿತ್ತು. ಎಳೆ ಕಡಿದರೆ ಸದ್ದಾಗುವುದಿಲ್ಲ. ಮೊದಲ ಸಾಲಿನಲ್ಲಿ ಒಂದು ಕೆಂಪು ದೀಪ ಹತ್ತಿತು. ಇನ್ನೊಂದು. ಆಮೇಲೆ ಸಾಲೆಲ್ಲ. ನಿಂತು ನೋಡಿದೆ. ಒಂದೊಂದು ದೀಪ ಯಾರೋ ಒಬ್ಬಳು ಹಾಕಬೇಕಾದ ಒಂದೊಂದು ಗಂಟು.

ಚಿಕ್ಕತಾಯಿ ಓಡಿ ಬಂದು ಸೊಂಟಕ್ಕೆ ಕೈ ಹಾಕಿ ನನ್ನನ್ನು ಈಚೆಗೆ ಎಳೆದಳು. ಬಾಗಿಲು ಇಳಿಯಿತು.

"ಇವತ್ತು ಬೇಡ ಅಕ್ಕ" ಅಂದರು ಪ್ರಕಾಶ್.

"ಮುಂದಿನ ಸೋಮವಾರ ಬತ್ತೀನಿ."

"ಇನ್ನೂ ಸ್ವಲ್ಪ ಸುಧಾರಿಸ್ಕೊಂಡು..."

"ಸೋಮವಾರ ಬತ್ತೀನಿ ಸಾ."

ಅವತ್ತು ನಮ್ಮ ಹಾಲಿನವರು ಊಟಕ್ಕೆ ಅರ್ಧ ಗಂಟೆ ತಡವಾಗಿ ಎದ್ದರು. ಒಬ್ಬಳು ನನಗೆ ಕೇಳುವ ಹಾಗೇ, "ಮನೇಲಿ ಕೂತ್ಕಳಕ್ಕೆ ಏನ್ ದಾಡಿ" ಅಂದಳು. ಕೇಳಿಸಿಕೊಂಡೆ. ಅವಳ ಮಾತಿನಲ್ಲಿ ಸುಳ್ಳಿರಲಿಲ್ಲ, ಅವಳ ಕೈ ನೋಯುತ್ತಿತ್ತು. ಆದರೆ ಮನೆಯಲ್ಲಿ ಕೂರುವುದು ಎಂದರೆ ಏನೆಂದು ಅವಳಿಗೆ ಗೊತ್ತಿಲ್ಲ. ಮೂರು ತಿಂಗಳು ಗೋಡೆಯ ಮೇಲಿನ ಬಿರುಕು ಎಣಿಸಿದವಳಿಗೆ ಗೊತ್ತು. ಯಾರಾದರೂ ಬಂದರೆ ಮೊದಲು ಕಾಯಿಲೆಯ ಮಾತು, ಹೊರಡುವಾಗಲೂ ಕಾಯಿಲೆಯ ಮಾತು. ನನ್ನ ಹೆಸರೇ ಜಿಬಿಎಸ್ ಆಗಿಬಿಟ್ಟಿತ್ತು. ಫ್ಯಾಕ್ಟರಿಯಲ್ಲಿ ಬೈದರೂ ಮಾದೇವಿ ಎಂದು ಬೈಯುತ್ತಾರೆ.

ಭಾನುವಾರ ಚಿಕ್ಕತಾಯಿ ಮನೆಗೆ ಬಂದಳು. ಮಾದಪ್ಪನ ಬೆಟ್ಟಕ್ಕೆ ಹೋಗಿದ್ದಳಂತೆ, ಪ್ರಸಾದದ ಲಾಡು, ವಿಭೂತಿ ತಂದಿದ್ದಳು. ನನ್ನ ಹಣೆಗೂ ಎಡಗಾಲಿಗೂ ವಿಭೂತಿ ಹಚ್ಚಿದಳು. ಆಮೇಲೆ ನಾನು ಹೇಳಿದೆ.

"ನಾಳೆ ನಾನು ಶೂ ಹಾಕ್ಕಂಡೇ ಒಳಿಕ್ ಬರೋದು."

ಅವಳ ಕೈ ನಿಂತಿತು. ಹಾಲ್‌ನಲ್ಲಿ ದಿನ ಬೆಳಿಗ್ಗೆ ಮೊದಲ ಮಿಷನ್ನಿಗೆ ಹೂವಿಟ್ಟು ಕೈಮುಗಿಯುವವಳು ಅವಳು. ಅವಳು ಒಪ್ಪಿದರೆ ಉಳಿದವರು ಒಪ್ಪುತ್ತಾರೆ. ಅವಳು ಒಪ್ಪದಿದ್ದರೆ ಪ್ರಕಾಶ್ ಒಪ್ಪಿದರೂ ನಾನು ಅಲ್ಲಿ ಕೂರಲಾರೆ.

"ಅದೊಂದ್ ಮಾತ್ರ ಅನ್ಬ್ಯಾಡ ಕಣಕ್ಕ. ಲಕ್ಸ್ಮಿ ಇರೋ ಜಾಗ. ನಿಂಗೇ ಗೊತ್ತು."

"ಬಸವ ಎಲ್ಲೆಲ್ಲಿ ಓಡಾಡ್ತನೆ?"

"ಯಾಕೆ?"

"ಗೋಡೌನು, ಲಾರಿ ನಿಲ್ಲೋ ತಾವು, ಕಕ್ಕಸಿನ ಮುಂದ್ಲ ಓಣಿ. ಅದೇ ಚಕ್ರದಲ್ಲಿ ಸೀದಾ ಲಕ್ಸ್ಮಿ ತಾವ್ಕೆ ಬತ್ತನೆ. ಅವ್ನ ಚಕ್ರ ಯಾವತ್ತಾರ ಬಿಚ್ಚಿಸಿದ್ದೀಯಾ?"

ಅವಳು ವಿಭೂತಿಯ ಪೊಟ್ಟಣ ಮಡಚಿಟ್ಟಳು.

"ಅವ್ನು ಬಸವ ಕಣಕ್ಕ. ಚಕ್ರ ಬಿಚ್ಚಿದ್ರೆ ಅವ್ನು ನಡಿಯಾದ್ ಎಂಗೆ?"

ಸ್ಪ್ಲಿಂಟ್ ಎತ್ತಿ ಅವಳ ಮಡಿಲಲ್ಲಿಟ್ಟೆ. ಅವಳು ಅದನ್ನು ತಿರುಗಿಸಿ ನೋಡಿದಳು. ಹಗುರವಾಗಿತ್ತು, ಮೊರದ ಹಾಗೆ ಬಾಗಿತ್ತು. ಮೀನಖಂಡಕ್ಕೆ ಉಜ್ಜಿ ಉಜ್ಜಿ ಪಟ್ಟಿಯ ಅಂಚು ಕಪ್ಪಾಗಿತ್ತು. ಒಳಗಿನಿಂದ ಅತ್ತೆ, "ಅವ್ಳು ಹೇಳಿದ್ದು ಸರಿಯಾಗದೆ, ಒಪ್ಕೊ ಮಾರಾಯ್ತಿ" ಎಂದು ಕೂಗಿದರು.

"ನೀ ಸುಮ್ನಿರಮ್ಮೋ" ಎಂದಳು ಚಿಕ್ಕತಾಯಿ. ಆಮೇಲೆ ಸ್ಪ್ಲಿಂಟನ್ನು ನನ್ನ ಕೈಗೆ ಕೊಟ್ಟು ಹೇಳಿದಳು: "ಒಂದ್ ಕೆಲ್ಸ ಮಾಡು. ಒಸಾ ಶೂ ತಕೊ. ಬೀದೀಲಿ ಆಕ್ಬ್ಯಾಡ. ಅದು ಅಲ್ಲೇ ಇರ್ಲಿ, ಒಳಗಿಂದು ಒಳಗೇ. ನಾ ದಿನಾ ಬಸವನ್ ಚಕ್ರ ಒರಸ್ತೀನಲ್ಲ, ಅದೇ ಬಟ್ಟೇಲಿ ನಿಂದೂ ಒರಸ್ತೀನಿ."

"ನಿನ್ ಕೈಲಿ ನನ್ ಮೆಟ್ಟು ಒರಸ್ಕಳಾದಾ?"

"ಮೆಟ್ಟಲ್ಲ ಅದು, ಚಕ್ರ. ಮುಚ್ಕಂಡ್ ಲಾಡು ತಿನ್ನು."

ಸೋಮವಾರ. ಬಿಳಿ ಕ್ಯಾನ್ವಾಸ್ ಶೂ, ಅಂಗಡಿಯ ಕಾಗದದಿಂದಲೇ ಫ್ಯಾಕ್ಟರಿಯ ಬೆಂಚಿನ ಮೇಲೆ ಬಿಚ್ಚಿದೆ. ಚಿಕ್ಕತಾಯಿ ಎಲ್ಲರೂ ನೋಡುವಂತೆ ನೆಲದ ಮೇಲೆ ಕೂತು, ಅದರ ಅಡಿಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಸ್ಪ್ಲಿಂಟ್ ಸೇರಿಸಿ ನನ್ನ ಕಾಲಿಗೆ ಹಾಕಿ ಪಟ್ಟಿ ಎಳೆದಳು. ಮೊನ್ನೆ ಮಾತಾಡಿದವಳು ನೋಡಿ ಮುಖ ತಿರುಗಿಸಿಕೊಂಡಳು. ಅಡ್ಡ ಬರಲಿಲ್ಲ.

ಹಸಿರು. ಒಂದು, ಎರಡು, ಮೂರು. ದೀಪ.

ಕೆಂಪು. ನಿಂತಿತು.

ಸ್ವಿಚ್ ತಟ್ಟಿದೆ. ಬಾಗಿಲು ಎದ್ದಿತು. ನೋಡಬಾರದು ಎಂದುಕೊಂಡರೂ ಕಬ್ಬಿಣದ ಪಟ್ಟಿಯನ್ನೇ ನೋಡಿದೆ. ಬಲಗಾಲು ದಾಟಿತು. ಎಡಗಾಲಿನ ಪಾದ ಮೇಲೆದ್ದಿತೋ ಇಲ್ಲವೋ ನನಗೆ ಗೊತ್ತಾಗುವುದಿಲ್ಲ, ಅದು ಸ್ಪ್ಲಿಂಟಿನ ಕೆಲಸ. ಮೊಣಕಾಲು ಎತ್ತುವುದು ನನ್ನ ಕೆಲಸ. ಎತ್ತಿದೆ. ಇಟ್ಟೆ. ಇನ್ನೊಂದು. ಇನ್ನೊಂದು. ಬೆನ್ನ ಹಿಂದೆ ಬಾಗಿಲು ಇಳಿದ ಸದ್ದು ಕೇಳಿತು. ಹಾಲ್‌ನ ಬೆಚ್ಚನೆಯ ತೇವ, ರೇಷ್ಮೆಯ ಹಸಿ ವಾಸನೆ. ನಾಲ್ಕು ತಿಂಗಳ ಮೇಲೆ ಆ ವಾಸನೆ. ಮೂಗಿನಲ್ಲಿ ನೀರು ಬಂತು. ಯಾವ ಸಾಲಿನಲ್ಲೂ ಕೆಂಪು ದೀಪ ಇರಲಿಲ್ಲ.

ಪ್ರಕಾಶ್ ಹಾಳೆಯಲ್ಲಿ ಏನೋ ಬರೆದರು. "ನಾಳೆಯಿಂದ ಬನ್ನಿ. ಮಧ್ಯಾಹ್ನದ ತನಕ. ಕೂತ್ಕೊಂಡು."

ಚಿಕ್ಕತಾಯಿ, "ಅಂಗಾದ್ರೆ ನಾಳೆಯಿಂದ ನಾಲ್ಕ್ ಬಸವ" ಎಂದಳು.

ಈಗ ಒಂದು ತಿಂಗಳಾಯಿತು. ಪೂರ್ತಿ ಗುಣವಾಯಿತು ಎಂದು ಬರೆಯಲಾರೆ. ಮೆಟ್ಟಿಲಿಗೆ ಗೋಡೆ ಬೇಕು. ಹನ್ನೊಂದು ಗಂಟೆಗೆ ಕಾಲು ಸೀಸದ ಹಾಗೆ ಭಾರ ಆಗುತ್ತದೆ. ಕೊಡ ಎತ್ತುವ ಹಾಗಿಲ್ಲ. ಮೊನ್ನೆ ಮೈಸೂರಿಗೆ ಹೋದಾಗ ಡಾಕ್ಟರು ಸುತ್ತಿಗೆಯಿಂದ ತಟ್ಟಿದರು. ಬಲ ಮೊಣಕಾಲು ಚೂರು ಅಲುಗಿತು, ಎಡದ್ದು ಇಲ್ಲ. "ಇನ್ನೂ ಒಂದು ವರ್ಷ ಬರ್ತಾ ಇರಬಹುದು. ಎಲ್ಲಾ ಬರದೇ ಇರಬಹುದು" ಅಂದರು. ನೇರ ಮಾತು. ನನಗೆ ಅದೇ ಒಳ್ಳೆಯದು ಅನ್ನಿಸಿತು.

ಗಂಟು ಇನ್ನೂ ಬೀಳುವುದಿಲ್ಲ. ಟೀ ಹೊತ್ತಿನಲ್ಲಿ ದಿನಕ್ಕೊಂದು ಸಲ, ಬಿಸಾಡುವ ಎಳೆ ಎರಡು ತೆಗೆದುಕೊಂಡು ನೋಡುತ್ತೇನೆ. ಬೆರಳ ತುದಿಗೆ ಎಳೆ ಸಿಗುವುದಿಲ್ಲ. ಬಿಟ್ಟು ನನ್ನ ಕುರ್ಚಿಗೆ ಹೋಗುತ್ತೇನೆ. ಒಂದು ದಿನ ಬೀಳಬಹುದು. ಬೀಳದಿದ್ದರೆ, ತುಂಬಿದ ಟ್ರಾಲಿ ನೋಡಿ ಬಸವನನ್ನು ಕರೆಯುವುದೂ ಒಂದು ಕೆಲಸವೇ. ಅದನ್ನು ತಪ್ಪಿಲ್ಲದೆ ಮಾಡುತ್ತೇನೆ. ಉಸಿರಾಡಲು ಬರುತ್ತದೆ, ಕೈತುತ್ತು ನನ್ನದೇ ಕೈಯದು. ಸಿಸ್ಟರನ್ನು ಕೂಗಿ ಕರೆದ ಆ ಹೆಂಗಸು ಯಾರೋ, ಎಲ್ಲಿಯವರೋ, ಅವರ ಹೊಟ್ಟೆ ತಣ್ಣಗಿರಲಿ.

ನಿನ್ನೆ ಮಧ್ಯಾಹ್ನ ಎರಡಕ್ಕೆ ಮನೆಗೆ ಬಂದೆ. ಸಂಜೆ ಅತ್ತೆ ದಂಟಿನ ಸೊಪ್ಪಿನ ಉಪ್ಪುಸಾರು ಮಾಡಿದ್ದರು, ಖಾರ ಒಂದು ಕೈ ಮುಂದೆ. ಯಜಮಾನರು ತಿರುವಿದ ಮುದ್ದೆ ಈಗ ನುಣುಪು. ಅವರು ಎರಡು ಉಂಡರು, ಅತ್ತೆ ಅರ್ಧ, ನಾನು ಒಂದು ಮುದ್ದೆ ಮತ್ತು ಎರಡು ಹಿಡಿ ಮಜ್ಜಿಗೆ ಅನ್ನ. ತಟ್ಟೆ ಯಾರು ತೊಳೆದರೋ ತಿಳಿಯದು. ಮೊದಲು ನಿದ್ದೆ ಹೋದವಳು ನಾನೇ ಅಂತೆ. ಬೆಳಿಗ್ಗೆ ಯಜಮಾನರು ಹೇಳಿದರು.